ಕೂಡಲಸಂಗಮ: ಎರಡು ಹೊಳೆ ಒಂದಾದ ಠಾವು



ಮಕರ ಸಂಕ್ರಮಣ ಕಳೆದ ಮರುದಿನದ ಮುಂಜಾವು. ನಾವು ಪೂಜೆ ಮುಗಿಸಿ ಮಠದ ಪಡಸಾಲೆಯಲ್ಲಿ ಕುಳಿತಿದ್ದೆವು. ಎಪ್ಪತ್ತು ದಾಟಿದ ಒಬ್ಬ ತಾಯಿ ಮಗನ ಭುಜ ಹಿಡಿದು ಮೆಟ್ಟಿಲೇರಿ ಬಂದರು. ನಮಸ್ಕಾರ ಮಾಡಿ ಕುಳಿತವರೇ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅಜ್ಜಾರ, ಮದುವಿಯಾಗಿ ಈ ಊರಿಗೆ ಬಂದಾಗಿನಿಂದ ಒಂದು ಸಂಕ್ರಮಣಾನೂ ತಪ್ಪಿಸಿರಲಿಲ್ಲರಿ. ಎಳ್ಳು ಹಚ್ಚಿಕೊಂಡು ಸಂಗಮದಾಗ ಮುಳುಗಿ ಬರತಿದ್ದೆ. ಈ ಸಲ ಮೊಣಕಾಲು ಬಿಡಲಿಲ್ಲ. ಸಂಗಯ್ಯ ಏನಂತಾನೋ ಏನೋ" ಎಂದರು.

ಪಕ್ಕದಲ್ಲಿದ್ದ ಮಗ ಓದಿದ ಹುಡುಗ. ತಾಯಿಯನ್ನು ಸಮಾಧಾನಪಡಿಸುವ ಸಲುವಾಗಿಯೋ, ತನಗೆ ಕರೆದುಕೊಂಡು ಹೋಗಲು ಬಿಡುವಾಗಲಿಲ್ಲ ಎಂಬ ಸಂಕೋಚಕ್ಕೋ ಒಂದು ಮಾತು ಅಂದ. "ಕೈಯಾಗ ಲಿಂಗ ಐತಿ, ಮತ್ತ ಗುಡಿಗ್ಯಾಕ ಹೋಗಬೇಕು, ಹೊಳಿಗ್ಯಾಕ ಹೋಗಬೇಕು? ಬಸವಣ್ಣನೋರ ಹಾದಿ ಅದs ಅಲ್ಲರೀ, ಅಜ್ಜಾರ?"

ತಾಯಿಯ ದುಃಖವೂ ನಿಜ, ಮಗನ ಪ್ರಶ್ನೆಯೂ ನಿಜ. ಎರಡಕ್ಕೂ ಆ ಸಂಗಮದ ದಂಡೆಯಲ್ಲಿಯೇ ಉತ್ತರವಿದೆ ಎಂದು ನಮಗೆ ಅನಿಸಿತು. ಅಂದು ಅವರಿಬ್ಬರಿಗೆ ಹೇಳಿದ್ದನ್ನೇ ಇಂದು ತಮ್ಮೆಲ್ಲರ ಮುಂದೆ ವಿಸ್ತರಿಸಿ ಇಡುತ್ತಿದ್ದೇವೆ.

ಹೆಸರಿನಲ್ಲಿಯೇ ಇರುವ ಅರ್ಥ

ಮಹಾರಾಷ್ಟ್ರದ ಮಹಾಬಳೇಶ್ವರದಲ್ಲಿ ಹುಟ್ಟಿದವಳು ಕೃಷ್ಣೆ. ಬೆಳಗಾವಿ ಜಿಲ್ಲೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದವಳು ಮಲಪ್ರಭೆ. ಮಲಪ್ರಭೆಯು ಸವದತ್ತಿಯ ಸೀಮೆಯನ್ನು ಹಾಯ್ದು, ಪಟ್ಟದಕಲ್ಲು, ಐಹೊಳೆಗಳ ಗುಡಿಗಳನ್ನು ಕಣ್ತುಂಬ ಕಂಡು, ಕೊನೆಗೆ ಹುನಗುಂದ ತಾಲೂಕಿನಲ್ಲಿ ಕೃಷ್ಣೆಯ ಮಡಿಲು ಸೇರುತ್ತಾಳೆ. ಆ ಕೂಡುವ ಠಾವೇ ಕೂಡಲಸಂಗಮ. ಹಿಂದೆ ಅಖಂಡ ವಿಜಾಪುರ ಜಿಲ್ಲೆಯಲ್ಲಿದ್ದ ಈ ಕ್ಷೇತ್ರವು 1997ರಿಂದ ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಇಲ್ಲಿಂದ ಮುಂದೆ ಕೃಷ್ಣೆಯು ಮೂಡಣಕ್ಕೆ ಹರಿದು ಶ್ರೀಶೈಲ ಮಲ್ಲಿಕಾರ್ಜುನನ ಪಾದದ ಕಡೆಗೆ ಸಾಗುತ್ತಾಳೆ. ಸಂಗಮನಾಥನಿಗೆ ಅರ್ಪಿತವಾದ ನೀರೇ ಮುಂದೆ ಮಲ್ಲಯ್ಯನ ಗಿರಿಯ ತಪ್ಪಲನ್ನು ಮುಟ್ಟುತ್ತದೆ ಎಂದು ನಮ್ಮ ಹಿರಿಯರು ಕೈ ಮುಗಿಯುತ್ತಿದ್ದರು.

ಹೆಸರನ್ನು ಒಮ್ಮೆ ಬಿಡಿಸಿ ನೋಡಬೇಕು. ಕೂಡಲ ಎಂದರೆ ಅಚ್ಚಗನ್ನಡದಲ್ಲಿ ಕೂಡುವ ಸ್ಥಳ. ಶಿವಮೊಗ್ಗದ ಹತ್ತಿರ ತುಂಗೆ ಭದ್ರೆಯರು ಕೂಡುವ ಊರಿಗೂ ಕೂಡಲಿ ಎಂದೇ ಹೆಸರು. ಸಂಗಮ ಎಂದರೆ ಸಂಸ್ಕೃತದಲ್ಲಿಯೂ ಅದೇ. ಕನ್ನಡದಲ್ಲಿ ಒಮ್ಮೆ, ಸಂಸ್ಕೃತದಲ್ಲಿ ಒಮ್ಮೆ, ಹೀಗೆ ಎರಡು ಸಲ ಈ ಊರು ನಮಗೆ ಒಂದೇ ಮಾತನ್ನು ಹೇಳುತ್ತಿದೆ: ಕೂಡಿರಿ, ಒಂದಾಗಿರಿ. ಹೊಳೆ ಎರಡು ಕೂಡಿದ ಮೇಲೆ ಇದು ಕೃಷ್ಣೆಯ ನೀರು, ಇದು ಮಲಪ್ರಭೆಯ ನೀರು ಎಂದು ಬೊಗಸೆಯಲ್ಲಿ ಬೇರೆ ಮಾಡಿ ತೋರಿಸಲು ಯಾರಿಗಾದರೂ ಸಾಧ್ಯವೇ? ವೀರಶೈವ ಸಿದ್ಧಾಂತದಲ್ಲಿ ಅಂಗವು ಲಿಂಗದಲ್ಲಿ ಸಮರಸವಾಗುವುದನ್ನೇ ಲಿಂಗಾಂಗ ಸಾಮರಸ್ಯ ಎಂದು ಕರೆದಿದ್ದಾರೆ. ಗ್ರಂಥ ಓದಿ ಇದನ್ನು ತಿಳಿಯುವುದು ಕಷ್ಟ. ಸಂಗಮದ ಮೆಟ್ಟಿಲ ಮೇಲೆ ಅರೆಗಳಿಗೆ ನಿಂತು ನೀರು ನೋಡಿದರೆ ಓದು ಬಾರದವರಿಗೂ ಅದು ತಿಳಿಯುತ್ತದೆ.

ಬಾಗೇವಾಡಿಯಿಂದ ಬಂದ ಬಾಲಕ

ಸಂಗಮೇಶ್ವರನ ಗುಡಿಯು ಚಾಲುಕ್ಯ ಶೈಲಿಯ ಪ್ರಾಚೀನ ಕಟ್ಟಡ. ಮುಖಮಂಟಪ, ನವರಂಗ, ಗರ್ಭಗುಡಿ ಎಂಬ ಕ್ರಮದಲ್ಲಿ ಕಲ್ಲಿನಿಂದ ಕಟ್ಟಿದ್ದಾರೆ. ಆದರೆ ಇಂಥ ಗುಡಿಗಳು ಮಲಪ್ರಭೆಯ ದಂಡೆಯುದ್ದಕ್ಕೂ ಅನೇಕ ಇವೆ. ಅವೆಲ್ಲವುಗಳ ನಡುವೆ ಈ ಒಂದು ಗುಡಿಯ ಹೆಸರು ಲೋಕಕ್ಕೆಲ್ಲ ಗೊತ್ತಾದದ್ದು ಒಬ್ಬ ಬಾಲಕನಿಂದ. ಆತ ಬಾಗೇವಾಡಿಯ ಮಾದರಸ ಮತ್ತು ಮಾದಲಾಂಬಿಕೆಯರ ಮಗ, ಅಕ್ಕನಾಗಮ್ಮನ ಒಡಹುಟ್ಟಿದವ, ಬಸವ.

ಬಸವಣ್ಣನವರು ಸಂಗಮಕ್ಕೆ ಬಂದ ಕಥೆಯನ್ನು ಕವಿಗಳು ಒಂದೇ ರೀತಿಯಲ್ಲಿ ಹೇಳಿಲ್ಲ. ಎಂಟನೆಯ ವಯಸ್ಸಿನಲ್ಲಿ ಉಪನಯನಕ್ಕೆ ಸಿದ್ಧತೆ ನಡೆದಾಗ ತನಗೆ ಅದು ಬೇಡವೆಂದು ಹೇಳಿ ಮನೆಬಿಟ್ಟು ಹೊರಟರೆಂಬುದು ಬಸವಪುರಾಣದ ಪರಂಪರೆಯಿಂದ ನಮ್ಮ ಜನ ಕೇಳಿಕೊಂಡು ಬಂದ ಕಥೆ. ಹರಿಹರ ಕವಿಯ 'ಬಸವರಾಜದೇವರ ರಗಳೆ'ಯಲ್ಲಿ ತಂದೆತಾಯಿಗಳಿಲ್ಲದ ಬಸವನು ಮುತ್ತಜ್ಜಿಯ ಆಸರೆಯಲ್ಲಿ ಬೆಳೆದು, ಹದಿನಾರರ ಹರೆಯದಲ್ಲಿ ಜನಿವಾರ ತೊರೆದು ಹೊರಡುತ್ತಾನೆ. ಕಥೆ ಯಾವುದಾದರೂ ಆಗಲಿ, ದಾರಿ ಒಂದೇ. ಮನೆ, ಬಂಧು, ಅಗ್ರಹಾರದ ಸುಖ ಎಲ್ಲವನ್ನೂ ಹಿಂದೆ ಬಿಟ್ಟು ಬರಿಗೈಯಲ್ಲಿ ಆತ ಬಂದದ್ದು ಈ ಹೊಳೆಯ ದಂಡೆಗೆ. ಹರಿಹರನು ಈ ಊರನ್ನು ಕಪ್ಪಡಿ ಸಂಗಮ ಎಂದು ಕರೆಯುತ್ತಾನೆ.

ಅಲ್ಲಿ ಸ್ಥಾನಪತಿಗಳಾಗಿದ್ದವರು ಈಶಾನ್ಯಗುರುಗಳು. ಜಾತವೇದ ಮುನಿಗಳೆಂದು ಜನ ಇಂದಿಗೂ ನೆನೆಯುವ ಗುರುವರ್ಯರು ಇವರೇ. ಯಾರ ಮಗ, ಯಾಕೆ ಬಂದೆ ಎಂದು ಜರೆಯದೆ ಆ ಗುರು ಬಾಲಕನನ್ನು ಒಳಗೆ ಕರೆದುಕೊಂಡರು. ಬಸವನು ನಸುಕಿನಲ್ಲಿ ಎದ್ದು ಹೊಳೆಯಲ್ಲಿ ಮಿಂದು, ಅಗ್ಘವಣಿ ತಂದು, ಹೂವು ಪತ್ರೆ ಎತ್ತಿ ತಂದು ಸಂಗಮನಾಥನನ್ನು ಪೂಜಿಸುತ್ತಿದ್ದನು. ಪೂಜೆಯ ಜೊತೆಗೆ ಓದು, ಓದಿನ ಜೊತೆಗೆ ಚಿಂತನೆ. ಮುಂದೆ ಕಲ್ಯಾಣದಲ್ಲಿ ಬೆಳಗಿದ ಜ್ಯೋತಿಗೆ ಎಣ್ಣೆ ಎರೆದದ್ದು ಈ ಸಂಗಮದ ದಂಡೆ.

ನಂದಿಯ ಬಾಯಿಂದ ಬಂದ ಲಿಂಗ

ಇನ್ನು ಮಗನ ಪ್ರಶ್ನೆಗೆ ಬರೋಣ. ಬಸವಣ್ಣನವರಿಗೆ ಗುಡಿ ಬೇಡವಾಗಿತ್ತೇ?

ಹರಿಹರನ ರಗಳೆಯಲ್ಲಿ ಒಂದು ಪ್ರಸಂಗ ಬರುತ್ತದೆ. ಒಂದು ರಾತ್ರಿ ಸಂಗಮನಾಥನು ಬಸವನ ಕನಸಿನಲ್ಲಿ ಕಾಣಿಸಿಕೊಂಡು, ಬಿಜ್ಜಳನಿರುವ ಮಂಗಳವಾಡಕ್ಕೆ ಹೋಗೆಂದು ಅಪ್ಪಣೆ ಕೊಡುತ್ತಾನೆ. ಬಸವನಿಗೆ ಸಿಡಿಲು ಬಡಿದಂತಾಗುತ್ತದೆ. ನಿನ್ನನ್ನು ಬಿಟ್ಟು ಹೇಗೆ ಹೋಗಲಿ ಎಂದು ಗೋಳಾಡುತ್ತಾನೆ. ಮಗು ತಾಯಿಯ ಸೆರಗು ಹಿಡಿದಂತೆ ಆ ಗುಡಿಯನ್ನು ಹಿಡಿದು ನಿಲ್ಲುತ್ತಾನೆ. ಆಗ ದೇವರು ಅವನನ್ನು ಸಂತೈಸಿ, ನಿನ್ನನ್ನು ನಾನು ಬಿಡುವುದಿಲ್ಲ, ನಂದಿಯ ಮುಖದಿಂದ ಲಿಂಗವಾಗಿ ನಿನ್ನ ಕೈಗೆ ಬರುತ್ತೇನೆ ಎಂದು ಅಭಯ ಕೊಡುತ್ತಾನೆ. ಮರುದಿನ ಬಸವನು ನಂದಿಯ ಮುಂದೆ ಕಾದು ಕುಳಿತಾಗ ಆ ನಂದಿಯ ಬಾಯಿಂದ ಲಿಂಗವು ಅವನ ಕರಸ್ಥಲಕ್ಕೆ ಬರುತ್ತದೆ.

ಈ ಪುರಾಣಕಥೆಯ ಒಳಗನ್ನು ನೋಡಿರಿ. ಗರ್ಭಗುಡಿಯಲ್ಲಿ ಅಲುಗದೆ ಕುಳಿತ ಸಂಗಮನಾಥನು ಭಕ್ತನಿಗಾಗಿ ಅಂಗೈಯ ಮೇಲೆ ಬಂದು ಕುಳಿತ. ನಿಂತಿದ್ದ ದೇವರು ನಡೆಯತೊಡಗಿದ. ಸ್ಥಾವರಕ್ಕಿಂತ ಜಂಗಮ ಹೆಚ್ಚು ಎಂದು ಮುಂದೆ ಶರಣರು ಸಾರಿದ ತತ್ವಕ್ಕೆ ಬೀಜ ಬಿದ್ದದ್ದು ಗುಡಿಯನ್ನು ಜರೆದ ಗಳಿಗೆಯಲ್ಲಿ ಅಲ್ಲ, ಗುಡಿಯನ್ನು ಬಿಟ್ಟು ಹೋಗಲಾರದೆ ಅತ್ತ ಗಳಿಗೆಯಲ್ಲಿ. ಗುಡಿಯ ದೇವರನ್ನು ಅಷ್ಟೊಂದು ಪ್ರೀತಿಸಿದವನಿಗೆ ಮಾತ್ರ ಆ ದೇವರು ಕೈಗೆ ಬಂದ. ನಾವು ಆ ಹುಡುಗನಿಗೆ ಇಷ್ಟೇ ಕೇಳಿದೆವು: "ಕೈಯಾಗ ಲಿಂಗ ಐತಿ ಅಂದಿ, ಖರೆ. ದಿನಾ ಪೂಜಿ ಆಗತೈತೇನಪ್ಪ?" ಅವನು ತಲೆ ತಗ್ಗಿಸಿದ. ಗುಡಿಗೆ ಹೋಗಲಾರದ್ದಕ್ಕೆ ಬಸವಣ್ಣನವರ ಮಾತನ್ನು ನೆಪ ಮಾಡಿಕೊಂಡು, ಕೈಯಲ್ಲಿರುವ ಲಿಂಗವನ್ನೂ ಮರೆತರೆ ನಮಗೆ ಉಳಿಯುವುದಾದರೂ ಏನು?

ಮಂಗಳವಾಡದಲ್ಲಿ ಕರಣಿಕರಾಗಿ, ಮುಂದೆ ಭಂಡಾರಿಗಳಾಗಿ, ಕಲ್ಯಾಣದಲ್ಲಿ ಮಹಾಮನೆ ಕಟ್ಟಿ, ಅನುಭವ ಮಂಟಪದಲ್ಲಿ ಎಲ್ಲ ಕಾಯಕದವರನ್ನು ಒಂದೆಡೆ ಕೂಡಿಸಿದಾಗಲೂ ಬಸವಣ್ಣನವರು ಸಂಗಮವನ್ನು ಮರೆಯಲಿಲ್ಲ. ಸಾವಿರಕ್ಕೂ ಮಿಗಿಲಾದ ಅವರ ವಚನಗಳು ಕೂಡಲಸಂಗಮದೇವ ಎಂಬ ಅಂಕಿತದಿಂದಲೇ ಮುಗಿಯುತ್ತವೆ. ಊರು ಬಿಟ್ಟ ಮಗ ಪ್ರತಿ ಕಾಗದದ ಕೊನೆಗೆ ಊರಿನ ಹೆಸರು ಬರೆದಂತೆ, ಅವರು ಪ್ರತಿ ಮಾತಿನ ಕೊನೆಗೆ ಈ ದೇವರ ಹೆಸರನ್ನು ಇಟ್ಟರು.

ಮರಳಿ ಸಂಗಮಕ್ಕೆ

ಮಧುವರಸರ ಮಗಳಿಗೂ ಹರಳಯ್ಯನವರ ಮಗನಿಗೂ ಕಲ್ಯಾಣದಲ್ಲಿ ನಡೆದ ಮದುವೆಯ ಕಥೆ ತಮಗೆಲ್ಲ ಗೊತ್ತಿದ್ದದ್ದೇ. ಹುಟ್ಟಿನಿಂದ ಬ್ರಾಹ್ಮಣರಾಗಿದ್ದವರ ಮನೆಗೂ ಸಮಗಾರ ಕಾಯಕದವರ ಮನೆಗೂ ಲಿಂಗದ ನಂಟು ಬೆಳೆದದ್ದನ್ನು ಆ ಕಾಲ ಸಹಿಸಲಿಲ್ಲ. ಹರಳಯ್ಯ ಮಧುವರಸರಿಗೆ ಮರಣದಂಡನೆಯಾಯಿತು. ಕಲ್ಯಾಣ ಹೊತ್ತಿ ಉರಿಯಿತು. ಶರಣರು ದಿಕ್ಕುದಿಕ್ಕಿಗೆ ಚದುರಿದರು. ಚೆನ್ನಬಸವಣ್ಣನವರು ಶರಣರೊಂದಿಗೆ ಉಳವಿಯ ಅಡವಿಯ ಕಡೆಗೆ ನಡೆದರು. ಬಸವಣ್ಣನವರು ಮಾತ್ರ ತಾವು ಬಾಲ್ಯದಲ್ಲಿ ನೀರು ಹೊತ್ತ ಈ ದಂಡೆಗೆ ಮರಳಿದರು.

ಷಟ್‌ಸ್ಥಲಗಳಲ್ಲಿ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಎಂಬ ಐದನ್ನು ದಾಟಿದ ಮೇಲೆ ಬರುವುದು ಐಕ್ಯಸ್ಥಲ. ಅಣ್ಣನವರು ಭಕ್ತಿಯ ಮೊದಲ ಮೆಟ್ಟಿಲು ಹತ್ತಿದ್ದೂ ಇಲ್ಲಿಯೇ, ಐಕ್ಯದ ಕೊನೆಯ ಮೆಟ್ಟಿಲು ಮುಟ್ಟಿದ್ದೂ ಇಲ್ಲಿಯೇ. ಆದ್ದರಿಂದ ನಮ್ಮ ಜನ ಇದನ್ನು ಸಂಗಮನಾಥನ ಕ್ಷೇತ್ರವೆಂದೂ ಬಸವಣ್ಣನವರ ಐಕ್ಯಸ್ಥಳವೆಂದೂ ಎರಡು ಕೈ ಜೋಡಿಸಿ ನಮಸ್ಕರಿಸುತ್ತಾರೆ.

ತಂಗಡಗಿಯ ತಾಯಿ

ಈಗ ಆ ತಾಯಿಯ ದುಃಖಕ್ಕೆ ಉತ್ತರ. ಸಂಗಮಕ್ಕೆ ಬಂದ ಬಸವಣ್ಣನವರು ಕಲ್ಯಾಣದಲ್ಲಿದ್ದ ನೀಲಾಂಬಿಕೆಯವರನ್ನು ಕರೆತರಲು ಹಡಪದ ಅಪ್ಪಣ್ಣನವರನ್ನು ಕಳುಹಿಸಿದರಂತೆ. ತಾಯಿ ನೀಲಮ್ಮನವರು ಅಪ್ಪಣ್ಣನೊಡನೆ ದಾರಿ ನಡೆದು ಕೃಷ್ಣೆಯ ಆಚೆ ದಡದ ತಂಗಡಗಿಯವರೆಗೆ ಬಂದರು. ಅಷ್ಟರಲ್ಲಿ ಅಣ್ಣನವರು ಲಿಂಗೈಕ್ಯರಾದ ಸುದ್ದಿ ಮುಟ್ಟಿತು. ನೀಲಮ್ಮನವರು ಹೊಳೆ ದಾಟಲಿಲ್ಲ. ಅಲ್ಲಿರುವ ಸಂಗಯ್ಯ ಇಲ್ಲಿಯೂ ಇದ್ದಾನೆಂದು ಅರಿತ ತಾಯಿ, ಅದೇ ದಂಡೆಯಲ್ಲಿ ಕುಳಿತು ಕರಸ್ಥಲದ ಲಿಂಗದಲ್ಲಿ ದೃಷ್ಟಿ ನೆಟ್ಟು ಐಕ್ಯರಾದರೆಂದು ಜನಪರಂಪರೆ ಹೇಳುತ್ತದೆ. ವಿಜಯಪುರ ಜಿಲ್ಲೆ ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ ಆ ತಾಯಿಯ ಐಕ್ಯಸ್ಥಳ ಇಂದಿಗೂ ಪೂಜೆಗೊಳ್ಳುತ್ತಿದೆ. ಹಡಪದ ಅಪ್ಪಣ್ಣನವರ ನೆನಪೂ ಆ ಊರಿನೊಂದಿಗೆ ಬೆರೆತಿದೆ.

ನಾವು ಆ ಹಿರಿಯ ತಾಯಿಗೆ ಹೇಳಿದೆವು: "ಯವ್ವಾ, ನೀಲಮ್ಮ ತಾಯಿ ಸಂಗಮದ ಎದುರಿಗೆ ಬಂದೂ ಹೊಳಿ ದಾಟಲಿಲ್ಲ. ಆಕಿ ಐಕ್ಯ ಏನಾರ ಕಡಿಮಿ ಆತೇನು? ನಿನ್ನ ಕಾಲು ನಿಂತಾವು, ನಿನ್ನ ಸಂಗಯ್ಯ ನಿಂತಿಲ್ಲ." ಆ ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಕೊರಳಿನ ಕರಡಿಗೆಯನ್ನು ಕೈಯಲ್ಲಿ ಹಿಡಿದು ಕುಳಿತಿದ್ದರು.

ನೀರೊಳಗಿನ ಐಕ್ಯಮಂಟಪ

ಹಿರಿಯ ಭಕ್ತರಿಗೆ ಇನ್ನೊಂದು ನೋವು ನೆನಪಿರಬಹುದು. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿದು ಹಿನ್ನೀರು ಮೇಲೇರಿ ಬಂದಾಗ ಸಂಗಮದ ದಂಡೆಯ ರೂಪವೇ ಬದಲಾಯಿತು. ಐಕ್ಯಮಂಟಪ ಇದ್ದ ಜಾಗವನ್ನು ನೀರು ಸುತ್ತುವರಿಯಿತು. ಮಂಟಪ ಮುಳುಗಬಾರದೆಂದು ಅದರ ಸುತ್ತ ಬಾವಿಯಂತೆ ಎತ್ತರದ ಗೋಡೆ ಎಬ್ಬಿಸಿದರು. ಈಗ ಭಕ್ತರು ದಂಡೆಯಿಂದ ಸೇತುವೆಯ ಮೇಲೆ ನಡೆದುಹೋಗಿ, ಮೆಟ್ಟಿಲು ಇಳಿದು ಕೆಳಗಿನ ಐಕ್ಯಲಿಂಗದ ದರ್ಶನ ಪಡೆಯುತ್ತಾರೆ. ಗೋಡೆಯ ಹೊರಗೆ ಹೊಳೆ, ಗೋಡೆಯ ಒಳಗೆ ಲಿಂಗ. ಇಳಿಯುವಾಗ ಮಾತು ತಾನಾಗಿಯೇ ನಿಂತುಹೋಗುತ್ತದೆ.

ಮಂಟಪಕ್ಕೆ ಗೋಡೆ ಕಟ್ಟಿದರು. ಆದರೆ ಕೃಷ್ಣೆಯ ಎರಡೂ ದಂಡೆಯ ಎಷ್ಟೋ ಊರುಗಳಿಗೆ ಆ ಭಾಗ್ಯವಿರಲಿಲ್ಲ. ನಾರಾಯಣಪುರದ ನೀರಿಗೆ ಕೆಲವು, ಅನಂತರ ಆಲಮಟ್ಟಿಯ ನೀರಿಗೆ ಕೆಲವು ಊರುಗಳು ಹೋದವು. ಬಾಗಲಕೋಟೆ ಪಟ್ಟಣದ ಓಣಿಗಳೇ ನೀರಿಗೆ ಸಂದು, ಜನ ನವನಗರಕ್ಕೆ ಹೋಗಿ ನೆಲೆಸಬೇಕಾಯಿತು. ಹೊಲ, ಮನೆ, ಹಗೇವು, ಹಿರಿಯರ ಗದ್ದುಗೆ, ಊರ ಮುಂದಿನ ಹಣಮಪ್ಪನ ಗುಡಿ ಎಲ್ಲವನ್ನೂ ಬಿಟ್ಟು ಗಾಡಿ ಹೂಡಿಕೊಂಡು ಹೋದವರು ಈ ಬರಹ ಓದುವವರಲ್ಲಿಯೂ ಇದ್ದೀರಿ. ಅಂದು ಬಸವಣ್ಣನವರು ಸಂಗಮ ಬಿಡುವಾಗ ಅತ್ತದ್ದು ಯಾಕೆಂದು ತಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಂದಿಯ ಬಾಯಿಂದ ಲಿಂಗ ಕೈಗೆ ಬಂದ ಕಥೆಯ ಬೆಲೆಯೂ ತಮಗೇ ಹೆಚ್ಚು ಗೊತ್ತು. ಬೇರು ಕಿತ್ತು ಹೊಸ ನೆಲಕ್ಕೆ ಹೋದಾಗ ಎದೆಯ ಮೇಲಿನ ಲಿಂಗವೊಂದೇ ತಮ್ಮ ಜೊತೆ ನಡೆದು ಬಂದಿತು.

ಪೂಜೆಯ ಪದ್ಧತಿ

ಸಂಗಮನಾಥನಿಗೆ ನಿತ್ಯವೂ ಅಭಿಷೇಕ, ವಿಭೂತಿ, ಬಿಲ್ವಾರ್ಚನೆ ನಡೆಯುತ್ತವೆ. ಶ್ರಾವಣದ ಸೋಮವಾರಗಳಲ್ಲಿ, ಮಹಾಶಿವರಾತ್ರಿಯಲ್ಲಿ ಭಕ್ತರ ಸಾಲು ಬೆಳೆಯುತ್ತದೆ. ವೈಶಾಖ ಶುದ್ಧ ತದಿಗೆಯಂದು, ಅಂದರೆ ಅಕ್ಷಯ ತೃತೀಯಾದಂದು ಬಸವ ಜಯಂತಿ. ಸಾರ್ವಜನಿಕವಾಗಿ ಬಸವ ಜಯಂತಿಯನ್ನು ಆಚರಿಸುವ ಪದ್ಧತಿಗೆ 1913ರಲ್ಲಿ ದಾವಣಗೆರೆಯ ವಿರಕ್ತಮಠದಲ್ಲಿ ಮೃತ್ಯುಂಜಯ ಸ್ವಾಮಿಗಳು ಮತ್ತು ಹರ್ಡೇಕರ ಮಂಜಪ್ಪನವರು ನಾಂದಿ ಹಾಡಿದರು. ಇಂದು ಅದು ಹಳ್ಳಿಹಳ್ಳಿಯ ಎತ್ತುಗಳ ಕೊರಳಿಗೂ ಗೆಜ್ಜೆ ಕಟ್ಟುವ ಹಬ್ಬವಾಗಿದೆ. 2024ರ ಜನವರಿಯಲ್ಲಿ ಕರ್ನಾಟಕ ಸರಕಾರ ಬಸವಣ್ಣನವರನ್ನು ನಾಡಿನ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು.

ನಮ್ಮ ಸೀಮೆಯ ಒಕ್ಕಲು ಮಕ್ಕಳಿಗೆ ಸಂಗಮವೆಂದರೆ ಮೊದಲು ನೆನಪಾಗುವುದು ಸಂಕ್ರಮಣ. ಹಿಂದೆ ಕೊಲ್ಲಾರಿ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದರು, ಈಗ ಟ್ರ್ಯಾಕ್ಟರು, ಟಂಟಂಗಳಲ್ಲಿ ಹೋಗುತ್ತಾರೆ. ಅರೆದ ಎಳ್ಳನ್ನು ಮೈಗೆ ಹಚ್ಚಿಕೊಂಡು ಹೊಳೆಯಲ್ಲಿ ಮಿಂದು, ಗಂಗಮ್ಮನಿಗೆ ಅರಿಷಿಣ ಕುಂಕುಮವೇರಿಸಿ, ಸಂಗಮನಾಥನ ದರ್ಶನ ಮಾಡಿ, ಮರದ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ. ಪಕ್ಕದಲ್ಲಿ ಕುಳಿತ ಗುರುತಿಲ್ಲದವರಿಗೂ ಒಂದು ರೊಟ್ಟಿ ಕೊಟ್ಟೇ ತಿನ್ನುವುದು ಅಲ್ಲಿಯ ರೂಢಿ. ಕಲ್ಯಾಣದ ದಾಸೋಹ ಅಲ್ಲಿ ಇನ್ನೂ ಜೀವಂತವಾಗಿದೆ.

ಲಿಂಗಧಾರಿಗಳಾದವರು ಮಿಂದ ಮೇಲೆ ನೇರವಾಗಿ ಗುಡಿಗೆ ಓಡದೆ, ಮೆಟ್ಟಿಲಿನಲ್ಲಿ ಒಂದು ಕಡೆ ಕುಳಿತು ಇಷ್ಟಲಿಂಗ ಪೂಜೆ ಮಾಡಿಕೊಳ್ಳಬೇಕು. ಹಣೆಗೆ ವಿಭೂತಿ ಧರಿಸಿ, ಎಡ ಅಂಗೈಯ ಮೇಲೆ ಲಿಂಗವಿರಿಸಿ, ಸಂಗಮದ ನೀರಿನಿಂದ ಮಜ್ಜನ ಮಾಡಿಸಿ, ಒಂದು ಪತ್ರೆ ಏರಿಸಿ, ಪಂಚಾಕ್ಷರಿಯನ್ನು ಜಪಿಸಿ, ಆಮೇಲೆ ಗರ್ಭಗುಡಿಯ ಲಿಂಗದ ದರ್ಶನಕ್ಕೆ ಹೋಗಬೇಕು. ಕೈಯ ಲಿಂಗವೂ ಗುಡಿಯ ಲಿಂಗವೂ ಬೇರೆಯಲ್ಲ ಎಂಬುದು ಆಗ ಮನಸ್ಸಿಗೆ ನಾಟುತ್ತದೆ. ಬಸವಣ್ಣನವರು ಇಲ್ಲಿ ಕಲಿತ ಪಾಠವೂ ಅದೇ.

ಹೊಳೆಯ ಋಣ

ಭಕ್ತರಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕಾಗಿದೆ. ಮಿಂದವರು ಉಟ್ಟ ಹಳೆಯ ಬಟ್ಟೆಯನ್ನು ಹೊಳೆಯಲ್ಲಿಯೇ ಬಿಟ್ಟು ಬಂದರೆ ಪಾಪ ಕಳೆಯುತ್ತದೆಂಬ ತಪ್ಪು ತಿಳಿವಳಿಕೆ ಹಬ್ಬಿದೆ. ಒಡೆದ ದೇವರ ಪಟ, ಪ್ಲಾಸ್ಟಿಕ್ ಚೀಲ, ಉಂಡ ತಟ್ಟೆ ಎಲ್ಲವೂ ನೀರಿಗೆ ಬೀಳುತ್ತಿವೆ. ಯಾವ ಶಾಸ್ತ್ರದಲ್ಲಿ ಹೀಗೆ ಹೇಳಿದೆ? ಆ ನೀರನ್ನೇ ತಾನೆ ನಾವು ಲಿಂಗದ ತಲೆಯ ಮೇಲೆ ಎರೆಯುವುದು? ಲಿಂಗಕ್ಕೆ ಎರೆಯುವ ನೀರನ್ನು ಹೊಲಸು ಮಾಡಿ ಮೈ ತೊಳೆದುಕೊಂಡರೆ ಮೈ ಮಡಿಯಾದೀತೇ? ಒಯ್ದ ಬಟ್ಟೆ ಒಯ್ದವರ ಮನೆಗೇ ಮರಳಲಿ. ಹೊಳೆಯಲ್ಲಿ ಬಿಡಬೇಕಾದದ್ದು ಇದ್ದರೆ ಕುಡಿತವನ್ನು ಬಿಡಿರಿ, ಮೇಲು ಕೀಳೆಂಬ ಭಾವನೆಯನ್ನು ಬಿಡಿರಿ, ಅಣ್ಣತಮ್ಮಂದಿರ ಬದುವಿನ ಜಗಳವನ್ನು ಬಿಡಿರಿ.

ಇನ್ನೊಂದು ಎಚ್ಚರಿಕೆ. ಈಗ ಸಂಗಮದಲ್ಲಿ ಇರುವುದು ಹಿಂದಿನ ಮೊಣಕಾಲುದ್ದದ ಹರಿವಲ್ಲ, ಹಿನ್ನೀರು. ಮೇಲೆ ನಿಂತಂತೆ ಕಂಡರೂ ಒಳಗೆ ಆಳವಿದೆ. ಮೇಲ್ಭಾಗದ ಆಲಮಟ್ಟಿಯಿಂದ ನೀರು ಬಿಟ್ಟಾಗ ಮಟ್ಟ ಬೇಗನೆ ಏರುತ್ತದೆ. 2009ರಲ್ಲಿಯೂ 2019ರಲ್ಲಿಯೂ ಈ ಹೊಳೆಗಳು ಉಕ್ಕಿ ದಂಡೆಯ ಊರುಗಳನ್ನು ನುಗ್ಗಿದ್ದನ್ನು ಮರೆಯಬಾರದು. ವಯಸ್ಸಾದವರು, ಚಿಕ್ಕ ಮಕ್ಕಳು ಮೆಟ್ಟಿಲು ಬಿಟ್ಟು ಮುಂದೆ ಹೋಗಬಾರದು. ಮೆಟ್ಟಿಲಿನ ಮೇಲೆ ಕುಳಿತು ತಂಬಿಗೆಯಲ್ಲಿ ನೀರು ಹೊಯ್ದುಕೊಂಡರೂ ಅದು ಪುಣ್ಯಸ್ನಾನವೇ.

ತಂಬಿಗೆಯ ನೀರು

ಅಂದು ಆ ತಾಯಿಮಗ ಹೊರಟುಹೋದರು. ಒಂದು ವಾರದ ಮೇಲೆ ಮಗ ಒಬ್ಬನೇ ಮಠಕ್ಕೆ ಬಂದ. ಸೋಮವಾರ ರಜೆ ಹಾಕಿ ಕೂಡಲಸಂಗಮಕ್ಕೆ ಹೋಗಿದ್ದನಂತೆ. ಐಕ್ಯಮಂಟಪದ ಮೆಟ್ಟಿಲು ಇಳಿದು ಬಂದು, ಆಚೆ ದಂಡೆಯ ತಂಗಡಗಿಗೂ ಹೋಗಿ ನೀಲಮ್ಮ ತಾಯಿಗೆ ಕಾಯಿ ಒಡೆಸಿ, ತಿರುಗಿ ಬರುವಾಗ ಒಂದು ಹಿತ್ತಾಳೆ ತಂಬಿಗೆಯಲ್ಲಿ ಸಂಗಮದ ನೀರು ತುಂಬಿಕೊಂಡು ಬಂದಿದ್ದನಂತೆ.

"ಅವ್ವ ಆ ನೀರು ಲಿಂಗಕ್ಕ ಎರದು ಪೂಜಿ ಮಾಡಿದಳ್ರಿ, ಅಜ್ಜಾರ. ಉಳಿದಿದ್ದು ನನ್ನ ಕೈಗೆ ಕೊಟ್ಟು, ನಿನ್ನ ಲಿಂಗಕ್ಕೂ ಎರಿ ಅಂದಳು. ಭಾಳ ವರ್ಷದ ಮ್ಯಾಲೆ ಕರಡಿಗಿ ಬಿಚ್ಚೀನ್ರಿ" ಎಂದ.

ನಾವು ಅವನಿಗೆ ವಿಭೂತಿ ಕೊಟ್ಟು ಹರಸಿದೆವು. ಭಕ್ತರೇ, ಕಾಲಲ್ಲಿ ಕಸುವಿದ್ದವರು ಸಂಗಮಕ್ಕೆ ಹೋಗಿರಿ. ಹೋಗಲಾರದ ಹಿರಿಯರು ಮನೆಯಲ್ಲಿದ್ದರೆ ಅವರ ಹೆಸರಿನಲ್ಲಿ ಒಂದು ತಂಬಿಗೆ ನೀರು ತನ್ನಿರಿ. ಹೋಗಲಾಗದ ಹಿರಿಯರೇ, ಕೊರಗಬೇಡಿರಿ. ನಂದಿಯ ಬಾಯಿಂದ ಬಾಲಕನ ಕೈಗೆ ಬಂದ ದೇವರು ತಮ್ಮ ಕೈಯಲ್ಲಿಯೂ ಇದ್ದಾನೆ. ನಿತ್ಯ ಅವನಿಗೆ ಒಂದು ಗುಟುಕು ನೀರು, ಒಂದು ಪತ್ರೆ, ಒಂದು ಗಳಿಗೆಯ ಮನಸ್ಸು ಕೊಡಿರಿ. ಸಂಗಮನಾಥನು ಸರ್ವರಿಗೂ ಸನ್ಮಂಗಳವನ್ನುಂಟುಮಾಡಲಿ.